ಲ್ಯಾಪ್‌ಟಾಪಲ್ಲಿ ವೈಫೈ ಬರ್ತಿಲ್ವಾ? ಜರ್ಮನಿಗೆ ಹೊಸದಾಗಿ ಬಂದೋರಿಗೆ

ಊರಿಂದ ಬಂದಿಳಿದ ಮೊದಲ ವಾರದಲ್ಲಿ ಸಂಘದ ವಾಟ್ಸಾಪ್ ಗುಂಪಿಗೆ ಬರೋ ಪ್ರಶ್ನೆಗಳಲ್ಲಿ ತೊಗರಿಬೇಳೆ ಎಲ್ಲಿ ಸಿಗತ್ತೆ ಅನ್ನೋದು ಬಿಟ್ರೆ ಜಾಸ್ತಿ ಬರೋದು "ಲ್ಯಾಪ್‌ಟಾಪಲ್ಲಿ ನೆಟ್ ಬರ್ತಿಲ್ಲ, ಯಾರಾದ್ರೂ ಹೇಳಿ ಪ್ಲೀಸ್" ಅನ್ನೋದೇ. ಅದಕ್ಕೆ ಹತ್ತು ಜನ ಹತ್ತು ಉತ್ರ ಕೊಡ್ತಾರೆ, ಒಬ್ರು ಡ್ರೈವರ್ (ವೈಫೈ ಕಾರ್ಡನ್ನ ನಡೆಸೋ ಸಾಫ್ಟ್‌ವೇರ್) ಹಾಕಿ ಅಂತಾರೆ ಇನ್ನೊಬ್ರು ರೂಟರ್ ಬದಲಾಯಿಸಿ ಅಂತಾರೆ, ಕೊನೆಗೆ ನೋಡಿದ್ರೆ ಏರೋಪ್ಲೇನ್ ಮೋಡ್ ಆನ್ ಆಗಿರತ್ತೆ ಅಷ್ಟೇ. ಅದಕ್ಕೇ ಒಂದ್ಸಲ ಕೂತು ಬರೆದಿಟ್ಬಿಡೋಣ ಅಂತ ಇದು.

ಏನೇ ಮಾಡೋಕ್ ಮುಂಚೆ ಒಂದು ಕೆಲಸ ಮಾಡಿ. ಮೊಬೈಲ್ ತಗೊಂಡು ಅದರಲ್ಲಿ ಸಿಮ್ ಡೇಟಾ ಆಫ್ ಮಾಡಿ, ಅದೇ ಮನೆ ವೈಫೈಗೆ ಹಾಕಿ ಏನಾದ್ರೂ ಒಂದು ಸೈಟು ತೆಗೆದು ನೋಡಿ. ಮೊಬೈಲಲ್ಲಿ ಬರತ್ತೆ ಲ್ಯಾಪ್‌ಟಾಪಲ್ಲಿ ಬರಲ್ಲ ಅಂದ್ರೆ ತೊಂದ್ರೆ ಲ್ಯಾಪ್‌ಟಾಪಲ್ಲೇ ಇದೆ. ಎರಡರಲ್ಲೂ ವೈಫೈ ಕನೆಕ್ಟ್ ಆಗತ್ತೆ ಆದ್ರೆ ಸೈಟ್ ತೆರೆಯಲ್ಲ ಅಂದ್ರೆ ರೂಟರ್‌ವರೆಗೂ ಎಲ್ಲಾ ಸರಿ ಇದೆ, ಸಾಮಾನ್ಯವಾಗಿ ಗೋಡೆಯಿಂದ ಬರೋ ಲೈನಲ್ಲಿ ತೊಂದ್ರೆ. ಎರಡರಲ್ಲೂ ಮನೆ ವೈಫೈ ಹೆಸರೇ ಕಾಣ್ತಿಲ್ಲ ಅಂದ್ರೆ ರೂಟರ್ ನೋಡ್ಬೇಕು. ಇದನ್ನ ಮೊದಲೇ ತಿಳ್ಕೊಂಡ್ರೆ ಅರ್ಧ ಕೆಲಸ ಮುಗೀತು, ಇಲ್ಲಾಂದ್ರೆ ಲೈನ್ ಸತ್ತಿರುವಾಗ ಲ್ಯಾಪ್‌ಟಾಪ್ ಬಿಚ್ತಾ ಕೂತಿರ್ತೀವಿ.

ಇಲ್ಲಿ ವೈಫೈಗೆ ವೇಲಾನ್ (WLAN) ಅಂತಾರೆ, ರೂಟರ್ ಹಿಂದಿನ ಚೀಟಿ ಮೇಲೂ ಕಂಪ್ನಿ ಕಳಿಸೋ ಕಾಗದದಲ್ಲೂ ಅದೇ ಇರತ್ತೆ, ಪಾಸ್‌ವರ್ಡಿಗೆ ಶ್ಲುಸ್ಸೆಲ್ (Schlüssel) ಅಂತ ಇರತ್ತೆ. ಇಷ್ಟು ಗೊತ್ತಿದ್ರೆ ಸಾಕು.

ಲ್ಯಾಪ್‌ಟಾಪಲ್ಲಿ ಆನ್ ಮಾಡೋದು

ವಿಂಡೋಸ್ 11 ಆದ್ರೆ ಬಲಗಡೆ ಕೆಳಗೆ ಗಡಿಯಾರದ ಪಕ್ಕ ಇರೋ ನೆಟ್‌ವರ್ಕ್ ಚಿತ್ರದ ಮೇಲೆ ಕ್ಲಿಕ್ ಮಾಡಿ, ಇಲ್ಲಾಂದ್ರೆ ವಿಂಡೋಸ್ ಕೀ ಹಿಡ್ಕೊಂಡು ಎ ಒತ್ತಿ, ಒಂದು ಚಿಕ್ಕ ಪೆಟ್ಟಿಗೆ ಬರತ್ತೆ. ಅದರಲ್ಲಿ ಏರೋಪ್ಲೇನ್ ಮೋಡ್ ಬಣ್ಣ ಬಂದಿದ್ರೆ ಅದನ್ನ ಆಫ್ ಮಾಡಿ, ಆಮೇಲೆ ವೈಫೈ ಆನ್ ಮಾಡಿ, ಪಕ್ಕದ ಬಾಣದ ಗುರುತು ಒತ್ತಿದ್ರೆ ಸುತ್ತಮುತ್ತ ಇರೋ ಹೆಸರೆಲ್ಲ ಬರತ್ತೆ. ವಿಮಾನದಲ್ಲಿ ಬರುವಾಗ ಸಿನಿಮಾ ನೋಡೋಕೆ ಲ್ಯಾಪ್‌ಟಾಪ್ ತೆಗೆದು ಏರೋಪ್ಲೇನ್ ಮೋಡ್ ಹಾಕಿ ಹಾಗೇ ಮುಚ್ಚಿಟ್ಟೋರು ಎಷ್ಟೋ ಜನ, ಅದು ತಾನಾಗೇ ಆಫ್ ಆಗಲ್ಲ. ಇಲ್ಲೇ ಲ್ಯಾಪ್‌ಟಾಪ್ ತಗೊಂಡಿದ್ರೆ ವಿಂಡೋಸ್ ಜರ್ಮನ್‌ನಲ್ಲಿ ಇರತ್ತೆ, ಅದೇ ಜಾಗದಲ್ಲಿ ವಿಮಾನದ ಚಿತ್ರ ಹುಡುಕಿ, ಭಾಷೆ ಆಮೇಲೆ ಬದಲಾಯಿಸ್ಕೋಬಹುದು.

ಕೆಲವು ಲ್ಯಾಪ್‌ಟಾಪಲ್ಲಿ ಕೀಬೋರ್ಡ್ ಮೇಲಿನ ಸಾಲಲ್ಲೇ ವಿಮಾನದ ಗುರುತೋ ಆಂಟೆನಾ ಗುರುತೋ ಇರೋ ಬಟನ್ ಇರತ್ತೆ, ಯಾವ ಎಫ್ ನಂಬರ್ ಅನ್ನೋದು ಕಂಪ್ನಿ ಮಾಡೆಲ್ ಮೇಲೆ ಹೋಗತ್ತೆ, ಎಫ್‌ಎನ್ ಜೊತೆ ಅದನ್ನ ಒತ್ತಿ ನೋಡಿ. ತುಂಬ ಹಳೇದಾದ್ರೆ ಪಕ್ಕದಲ್ಲೋ ಮುಂದಿನ ಅಂಚಲ್ಲೋ ಸರಿಸೋ ಸ್ವಿಚ್ ಇರತ್ತೆ, ಬ್ಯಾಗಿಗೆ ತುಂಬುವಾಗ ಸರಿದಿರತ್ತೆ. ಮ್ಯಾಕ್ ಇರೋರಿಗೆ ಮೇಲಿನ ಪಟ್ಟಿಯಲ್ಲಿ ವೈಫೈ ಗುರುತು ಒತ್ತಿದ್ರೆ ಆಯ್ತು, ಅಲ್ಲಿ ಹೇಳೋಕೆ ಜಾಸ್ತಿ ಏನಿಲ್ಲ.

ಪಾಸ್‌ವರ್ಡ್ ಹಾಕೋವಾಗ ಇಲ್ಲಿಗೆ ಮಾತ್ರ ಇರೋ ಒಂದು ಕಾಟ ಇದೆ. ಜರ್ಮನ್ ಕೀಬೋರ್ಡಲ್ಲಿ ವೈ ಮತ್ತೆ ಝಡ್ ಅದಲು ಬದಲು. ನೀವು ವಿಂಡೋಸಲ್ಲಿ ದೇಶ ಜರ್ಮನಿ ಅಂತ ಹಾಕಿ ಜರ್ಮನ್ ಭಾಷೆ ಸೇರಿಸಿದ್ರೆ ಊರಿಂದ ತಂದ ಕೀಬೋರ್ಡಲ್ಲಿ ವೈ ಒತ್ತಿದ್ರೆ ಝಡ್ ಬೀಳತ್ತೆ, ಪಾಸ್‌ವರ್ಡಲ್ಲಿ ಬರೀ ಚುಕ್ಕಿ ಕಾಣೋದ್ರಿಂದ ಗೊತ್ತೂ ಆಗಲ್ಲ. ಪಾಸ್‌ವರ್ಡ್ ಪಕ್ಕದ ಕಣ್ಣಿನ ಗುರುತು ಒತ್ತಿ ಏನು ಬಿದ್ದಿದೆ ನೋಡಿ, ತಪ್ಪಿದ್ರೆ ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಕೀಬೋರ್ಡ್ ಬದಲಾಯಿಸಿ. ಇಲ್ಲಿ ತುಂಬ ಮನೇಲಿ ಇರೋ ಫ್ರಿಟ್ಸ್‌ಬಾಕ್ಸ್ ರೂಟರಿಗೆ ಕಂಪ್ನಿಯಿಂದ ಬಂದ ಪಾಸ್‌ವರ್ಡ್ 20 ಅಂಕಿ, ಅಕ್ಷರ ಇಲ್ಲ, ಹಾಗಾಗಿ ಈ ತೊಂದ್ರೆ ಇಲ್ಲ, ಅದು ತಳದಲ್ಲಿರೋ ಚೀಟಿ ಮೇಲಿರತ್ತೆ. ಗಮನ ಇಡಿ, ಆ ಚೀಟಿಯಲ್ಲಿ ಇನ್ನೊಂದು ಪಾಸ್‌ವರ್ಡೂ ಇರತ್ತೆ, ಅದು ರೂಟರ್ ಒಳಗಿನ ಸೆಟ್ಟಿಂಗ್ಸಿಗೆ, ವೈಫೈಗಲ್ಲ.

ಲ್ಯಾಪ್‌ಟಾಪಲ್ಲೇ ತೊಂದ್ರೆ ಅಂತ ಖಾತ್ರಿ ಆದ್ರೆ

ಮೊದಲು ರೀಸ್ಟಾರ್ಟ್. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. ವಿಂಡೋಸಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ, ಅದು ಆನ್ ಇದ್ರೆ ಶಟ್‌ಡೌನ್ ಮಾಡಿದ್ರೂ ಒಳಗಿಂದು ಪೂರ್ತಿ ಆಫ್ ಆಗಲ್ಲ, ಡ್ರೈವರು ಹಳೇ ಸ್ಥಿತಿಯಲ್ಲೇ ಎದ್ದು ಬರತ್ತೆ, ರೀಸ್ಟಾರ್ಟ್ ಮಾಡಿದ್ರೆ ಮಾತ್ರ ಹೊಸದಾಗಿ ಶುರುವಾಗತ್ತೆ. "ಆಫ್ ಮಾಡಿ ಆನ್ ಮಾಡ್ದೆ, ಏನೂ ಆಗ್ಲಿಲ್ಲ" ಅನ್ನೋರು ಸಾಮಾನ್ಯವಾಗಿ ಶಟ್‌ಡೌನ್ ಮಾಡಿರ್ತಾರೆ.

ಆಮೇಲೆ ಆ ವೈಫೈ ಹೆಸರನ್ನ ಮರೆಸಿ, ಅಂದ್ರೆ ಫರ್ಗೆಟ್ ಕೊಟ್ಟು ಮತ್ತೆ ಪಾಸ್‌ವರ್ಡ್ ಹಾಕಿ. ಹಳೇ ಬಾಡಿಗೆದಾರರು ಬಿಟ್ಟು ಹೋದ ರೂಟರಲ್ಲಿ ಪಾಸ್‌ವರ್ಡ್ ಬದಲಾಯಿಸಿದಾಗ ಇದು ಬೇಕಾಗತ್ತೆ.

ವೈಫೈ ಬಟನ್ನೇ ಕಾಣ್ತಿಲ್ಲ, ಏರೋಪ್ಲೇನ್ ಮೋಡ್ ಒಂದೇ ಇದೆ ಅಂದ್ರೆ ಕಂಪ್ಯೂಟರಿಗೆ ವೈಫೈ ಕಾರ್ಡ್ ಇರೋದೇ ಮರ್ತು ಹೋಗಿದೆ. ಗಾಬರಿ ಬೇಡ. ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೀರಿ, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡೀರಿ, ಬಿಟ್ಟು ಚಾರ್ಜರ್ ಹಾಕಿ ಆನ್ ಮಾಡಿ, ಎಷ್ಟೋ ಸಲ ಇಷ್ಟಕ್ಕೇ ವಾಪಸ್ ಬರತ್ತೆ. ಬರಲಿಲ್ಲ ಅಂದ್ರೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆಗೀರಿ, ನೆಟ್‌ವರ್ಕ್ ಅಡಾಪ್ಟರ್ಸ್ ಒಳಗೆ ವೈಫೈ ಅಥವಾ ವೈರ್‌ಲೆಸ್ ಅಂತ ಇರೋದರ ಮೇಲೆ ಹಳದಿ ಗುರುತು ಇದ್ಯಾ ನೋಡಿ, ಡಿಸೇಬಲ್ ಮಾಡಿ ಎನೇಬಲ್ ಮಾಡಿ, ಆಗ್ಲಿಲ್ಲಾಂದ್ರೆ ಅನ್‌ಇನ್‌ಸ್ಟಾಲ್ ಕೊಟ್ಟು ರೀಸ್ಟಾರ್ಟ್ ಮಾಡಿ, ವಿಂಡೋಸ್ ತಾನೇ ಮತ್ತೆ ಹುಡುಕಿಕೊಳ್ಳತ್ತೆ. ಅಲ್ಲಿ ಡ್ರೈವರ್ ಡಿಲೀಟ್ ಅಥವಾ ರಿಮೂವ್ ಮಾಡೋಕೆ ಟಿಕ್ ಕೇಳಿದ್ರೆ ಹಾಕ್ಬೇಡಿ, ಹಾಕಿದ್ರೆ ಡ್ರೈವರೂ ಹೋಗ್ಬಹುದು.

ಡ್ರೈವರ್ ಇಳಿಸ್ಕೊಳ್ಳೋಕೆ ನೆಟ್ ಬೇಕು, ನೆಟ್ ಬರೋಕೆ ಡ್ರೈವರ್ ಬೇಕು, ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅನ್ನೋ ಹಾಗೆ. ಇದಕ್ಕೆ ದಾರಿ ಇದೆ. ಆಂಡ್ರಾಯ್ಡ್ ಫೋನನ್ನ ಚಾರ್ಜಿಂಗ್ ಕೇಬಲ್ಲಿಂದ ಲ್ಯಾಪ್‌ಟಾಪಿಗೆ ಚುಚ್ಚಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್ಸಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಲ್ಯಾಪ್‌ಟಾಪಲ್ಲಿ ವೈಫೈ ಇಲ್ದೇನೇ ನೆಟ್ ಬರತ್ತೆ. ಆಗ ಲ್ಯಾಪ್‌ಟಾಪ್ ಕಂಪ್ನಿಯ ಸ್ವಂತ ಸೈಟಿಗೆ ಹೋಗಿ ನಿಮ್ಮ ಮಾಡೆಲ್ ನಂಬರ್ ಹಾಕಿ ಡ್ರೈವರ್ ತಗೊಳ್ಳಿ. ಡ್ರೈವರ್ ಅಪ್‌ಡೇಟರ್ ಅಂತ ಬರೋ ಪುಕ್ಕಟೆ ಸಾಫ್ಟ್‌ವೇರ್ ಯಾವುದನ್ನೂ ಹಾಕ್ಬೇಡಿ ದಯವಿಟ್ಟು.

ಕನೆಕ್ಟ್ ಆಗತ್ತೆ ಆದ್ರೆ "ನೋ ಇಂಟರ್ನೆಟ್" ಅಂತ ಬರತ್ತೆ, ಮೊಬೈಲಲ್ಲಿ ಚೆನ್ನಾಗಿ ಬರ್ತಿದೆ ಅಂದ್ರೆ ಸೆಟ್ಟಿಂಗ್ಸಲ್ಲಿ ಆ ವೈಫೈ ಮೇಲೆ ಕ್ಲಿಕ್ ಮಾಡಿ ಐಪಿ ಅಡ್ರೆಸ್ (ನೆಟ್‌ವರ್ಕಲ್ಲಿ ಲ್ಯಾಪ್‌ಟಾಪಿಗೆ ಸಿಗೋ ನಂಬರ್) ನೋಡಿ, 169.254 ಅಂತ ಶುರುವಾಗಿದ್ರೆ ರೂಟರಿಂದ ಅಡ್ರೆಸ್ ಸಿಕ್ಕಿಲ್ಲ ಅಂತ ಅರ್ಥ. ಅಲ್ಲೇ ಐಪಿ ಮತ್ತೆ ಡಿಎನ್‌ಎಸ್ (ಸೈಟಿನ ಹೆಸರಿಂದ ಅದರ ನಂಬರ್ ಹುಡುಕೋದು) ಎರಡೂ ಆಟೊಮ್ಯಾಟಿಕ್ ಇರ್ಬೇಕು, ಊರಲ್ಲಿ ಕೇಬಲ್ ನೆಟ್‌ನೋರು ಬಂದು ಕೈಯಾರೆ ನಂಬರ್ ತುಂಬಿರೋದು ಕೆಲವರದ್ದು ಹಾಗೇ ಉಳ್ಕೊಂಡಿರತ್ತೆ. ಬೆಂಗಳೂರು ಆಫೀಸಿನ ಪ್ರಾಕ್ಸಿಯೂ (ನೆಟ್ಟಿಗೆ ಹೋಗೋಕೆ ನಡುವೆ ಇರೋ ಕಂಪ್ಯೂಟರ್) ಹಾಗೇ, ಸೆಟ್ಟಿಂಗ್ಸಿನ ಪ್ರಾಕ್ಸಿ ಪೇಜಲ್ಲಿ ನೋಡ್ಕೊಳ್ಳಿ. ಆಫೀಸ್ ಲ್ಯಾಪ್‌ಟಾಪ್ ಆದ್ರೆ ಮಾತ್ರ ಏನೂ ಮುಟ್ಬೇಡಿ, ಐಟಿಯೋರಿಗೆ ಫೋನ್ ಮಾಡಿ, ಆಫೀಸ್ ನೆಟ್‌ವರ್ಕಿಗೆ ಸೇರಿಸೋ ವಿಪಿಎನ್ ಅವರ ತಲೆನೋವು. ಎಲ್ಲಾ ಆದ್ಮೇಲೂ ಬರಲಿಲ್ಲ ಅಂದ್ರೆ ನೆಟ್‌ವರ್ಕ್ ಅಂಡ್ ಇಂಟರ್ನೆಟ್ ಒಳಗೆ ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್, ಅದರ ಒಳಗೆ ನೆಟ್‌ವರ್ಕ್ ರೀಸೆಟ್ ಇದೆ, ಅದು ಹಳೇ ವೈಫೈ ಪಾಸ್‌ವರ್ಡೆಲ್ಲ ಅಳಿಸತ್ತೆ, ಬರೆದಿಟ್ಕೊಂಡು ಒತ್ತಿ.

ಇನ್ನೊಂದು, ಗಡಿಯಾರ. ಇಲ್ಲಿಗೂ ಊರಿಗೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ವ್ಯತ್ಯಾಸ. ಟೈಮ್ ಝೋನ್ ಬದಲಾಯಿಸ್ಬೇಕು, ಅದು ಬಿಟ್ಟು ಮುಳ್ಳನ್ನ ಕೈಯಾರೆ ತಿರುಗಿಸಿದ್ರೆ ವೈಫೈ ಇದ್ರೂ ಆಫೀಸ್ ಲಾಗಿನ್ನೋ ಕೆಲವು ಸೈಟೋ ಕೈ ಕೊಡಬಹುದು. ಹಾಗೇ ಊರಿನ ಕೆಲವು ಸರ್ಕಾರಿ ಸೈಟುಗಳು ಹೊರದೇಶದಿಂದ ತೆರೆಯೋದೇ ಇಲ್ಲ, ಉಳಿದಿದ್ದೆಲ್ಲ ಬರ್ತಿದ್ರೆ ಅದಕ್ಕೆ ವೈಫೈನ ಬೈಬೇಡಿ.

ರೂಟರ್ ಕಡೆ ಬಂದ್ರೆ

ಫ್ರಿಟ್ಸ್‌ಬಾಕ್ಸ್ ಮೈಮೇಲೇ ವೇಲಾನ್ ಅಂತ ಬಟನ್ ಇರತ್ತೆ, ಮಕ್ಕಳು ಒತ್ತಿದ್ರೆ ವೈಫೈ ಪೂರ್ತಿ ಆಫ್, ಆ ದೀಪ ಉರೀತಿದ್ಯಾ ಮೊದಲು ನೋಡಿ. ದಿನಾ ರಾತ್ರಿ ಒಂದೇ ಹೊತ್ತಿಗೆ ಹೋಗಿ ಬೆಳಗ್ಗೆ ಬರ್ತಿದ್ರೆ ಹಳಬರು ಟೈಮರ್ ಇಟ್ಟಿರ್ತಾರೆ, ಬ್ರೌಸರಲ್ಲಿ 192.168.178.1 ಹಾಕಿದ್ರೆ ಫ್ರಿಟ್ಸ್‌ಬಾಕ್ಸ್ ಸೆಟ್ಟಿಂಗ್ಸ್ ತೆರೆಯತ್ತೆ, ಅಲ್ಲಿ ತೆಗೀಬಹುದು.

ರೂಟರ್ ಸಾಮಾನ್ಯವಾಗಿ 2.4 ಮತ್ತೆ 5 ಗಿಗಾಹರ್ಟ್ಸ್ ಅನ್ನೋ ಎರಡು ಬ್ಯಾಂಡಲ್ಲಿ ವೈಫೈ ಕೊಡತ್ತೆ, ರೀಸ್ಟಾರ್ಟ್ ಮಾಡಿದ್ಮೇಲೆ 5 ಗಿಗಾಹರ್ಟ್ಸ್ ತಕ್ಷಣ ಕಾಣ್ಲಿಲ್ಲ ಅಂತ ಮತ್ತೆ ಮತ್ತೆ ಆಫ್ ಮಾಡ್ಬೇಡಿ. ಯೂರೋಪಿನಲ್ಲಿ ಆ ಬ್ಯಾಂಡಿನ ಕೆಲವು ಚಾನೆಲ್ಲುಗಳು ರೇಡಾರಿಗೂ ಬೇಕು, ಅದಕ್ಕೆ ರೂಟರ್ ಮೊದಲು ಒಂದು ನಿಮಿಷ ಕಿವಿಗೊಟ್ಟು ಕೇಳಿ, ಯಾರೂ ಇಲ್ಲ ಅಂತ ನೋಡಿ ಆಮೇಲೆ ಶುರು ಮಾಡ್ಬೇಕು ಅಂತ ನಿಯಮ, ಹವಾಮಾನ ರೇಡಾರಿನ ಚಾನೆಲ್ ಆದ್ರೆ 10 ನಿಮಿಷ. ಅಲ್ಲೀವರೆಗೂ 2.4ರಲ್ಲಿ ಇರಿ. 2.4 ದೂರ ಹೋಗತ್ತೆ ಆದ್ರೆ ನಿಧಾನ, ಮೈಕ್ರೋವೇವ್ ಹಾಕಿದ್ರೆ ತಡವರಿಸತ್ತೆ. 5 ವೇಗ ಆದ್ರೆ ಇಲ್ಲಿನ ಹಳೇ ಕಟ್ಟಡಗಳ ದಪ್ಪ ಗೋಡೆ ಎರಡು ದಾಟೋ ಹೊತ್ತಿಗೆ ಸುಸ್ತಾಗತ್ತೆ. ರೂಟರನ್ನ ಶೂ ಕಪಾಟಿನ ಒಳಗೆ ಇಟ್ಟು ಮಲಗೋ ಕೋಣೇಲಿ ಬರಲ್ಲ ಅಂದ್ರೆ ಹೇಗೆ, ಆಚೆ ತೆಗೆದು ಎತ್ತರಕ್ಕಿಡಿ.

ಲೈನು, ಟೆಕ್ನಿಷಿಯನ್ನು, ಕಾಗದ ಪತ್ರ

ಹೊಸ ಕನೆಕ್ಷನ್‌ಗೆ ವಾರಗಟ್ಟಲೆ ಕಾಯ್ಬೇಕಾಗಬಹುದು, ಬೆಂಗಳೂರಲ್ಲಿ ಬೆಳಗ್ಗೆ ಫೋನ್ ಮಾಡಿದ್ರೆ ಸಂಜೆ ಹುಡುಗ ಬಂದು ವೈರ್ ಎಳೆದು ಹೋಗೋ ಥರ ಇಲ್ಲಿ ಇಲ್ಲ. ಮನೆ ಒಪ್ಪಂದಕ್ಕೆ ಸೈನ್ ಹಾಕಿದ ದಿನವೇ ಆರ್ಡರ್ ಮಾಡಿ. ಡಿಎಸ್‌ಎಲ್ಲೋ (ಟೆಲಿಫೋನ್ ವೈರಲ್ಲಿ ಬರೋ ನೆಟ್) ಟಿವಿ ಕೇಬಲ್ಲೋ ಫೈಬರ್ರೋ ಕೇಳ್ಕೊಂಡೇ ರೂಟರ್ ತಗೊಳ್ಳಿ, ಡಿಎಸ್‌ಎಲ್ ರೂಟರ್ ಟಿವಿ ಕೇಬಲ್ ಲೈನಿಗೆ ನೇರ ಆಗಲ್ಲ. ಡಿಎಸ್‌ಎಲ್ ಆದ್ರೆ ಗೋಡೆ ಮೇಲೆ ಮೂರು ತೂತಿನ ಟೆಲಿಫೋನ್ ಸಾಕೆಟ್ ಇದ್ರೆ ನಡುವಿನ ತೂತಿಗೆ ಹಾಕಿ, ಅದರ ಮೇಲೆ ಎಫ್ ಅಂತ ಇರತ್ತೆ. ಫ್ರಿಟ್ಸ್‌ಬಾಕ್ಸಲ್ಲಿ ಪವರ್ ದೀಪ ಮಿಣುಕ್ತಾನೇ ಇದ್ರೆ ಲೈನ್ ಸಿಕ್ಕಿಲ್ಲ ಅಂತ.

ಟೆಕ್ನಿಷಿಯನ್ ಬರೋ ದಿನಕ್ಕೆ ಮುಂಚೆ ಕೆಳಗಿನ ಬೆಲ್ ಮೇಲೆ ಮತ್ತೆ ಪೋಸ್ಟ್ ಡಬ್ಬಿ ಮೇಲೆ ನಿಮ್ಮ ಹೆಸರು ಇರ್ಲೇಬೇಕು, ಆರ್ಡರ್ ಮಾಡಿದ ಹೆಸರೇ. ಇಲ್ಲಿ ಫ್ಲಾಟ್ ನಂಬರ್ ನೋಡಿ ಬರೋ ಪದ್ಧತಿ ಕಮ್ಮಿ, ಹೆಸರು ಕಾಣ್ಲಿಲ್ಲ ಅಂದ್ರೆ ಹಾಗೇ ಹೊರಟು ಹೋಗ್ತಾರೆ, ಮತ್ತೆ ಹೊಸ ತಾರೀಕು.

ಲೈನ್ ಪೂರ್ತಿ ಸತ್ತಿದ್ರೆ ಕಂಪ್ನಿಗೆ ದೂರು ಕೊಟ್ಟು ದೂರಿನ ನಂಬರ್ ಬರ್ಕೊಳ್ಳಿ. 2021ರ ಡಿಸೆಂಬರಿಂದ ಇಲ್ಲಿ ಕಾನೂನಿದೆ, ದೂರು ಕೊಟ್ಟು ಎರಡು ದಿನದಲ್ಲಿ ಸರಿ ಮಾಡದಿದ್ರೆ ಮೂರನೇ ನಾಲ್ಕನೇ ದಿನಕ್ಕೆ ದಿನಕ್ಕೆ 5 ಯೂರೋ ಅಥವಾ ತಿಂಗಳ ಬಿಲ್ಲಿನ ಶೇ. 10, ಐದನೇ ದಿನದಿಂದ 10 ಯೂರೋ ಅಥವಾ ಶೇ. 20, ಯಾವುದು ಜಾಸ್ತಿಯೋ ಅದು, ನೀವು ಕೇಳಬಹುದು. ಹೇಳಿದ ಹೊತ್ತಿಗೆ ಟೆಕ್ನಿಷಿಯನ್ ಬರದೇ ಇದ್ರೂ 10 ಯೂರೋ ಅಥವಾ ಶೇ. 20. ಕೇಳೋಕೆ ಸಂಕೋಚ ಬೇಡ, ಇಲ್ಲಿನೋರು ಕೇಳ್ತಾರೆ.

ನೆಟ್ ಬಂದ ಖುಷಿಗೆ ಹೊಸ ಸಿನಿಮಾ ಟೊರೆಂಟಲ್ಲಿ ಇಳಿಸೋಕೆ ಹೋಗ್ಬೇಡಿ. ಇದನ್ನ ತಮಾಷೆ ಅಂದ್ಕೋಬೇಡಿ. ಟೊರೆಂಟ್ ಇಳಿಸೋವಾಗಲೇ ಬೇರೆಯವರಿಗೆ ಹಂಚ್ತಾನೂ ಇರತ್ತೆ, ಹಕ್ಕು ಇರೋ ಕಂಪ್ನಿಯ ವಕೀಲರು ಐಪಿ ಹಿಡಿದು ಕನೆಕ್ಷನ್ ಯಾರ ಹೆಸರಲ್ಲಿದ್ಯೋ ಅವರ ಮನೆಗೆ ಅಬ್‌ಮಾನುಂಗ್ ಅನ್ನೋ ಪತ್ರ ಕಳಿಸ್ತಾರೆ, ನೂರಾರು ಯೂರೋ ಕೇಳ್ತಾರೆ. ಬೇರೆಯವರ ಮನೇಲಿ ರೂಮ್ ತಗೊಂಡಿದ್ರೆ ಪತ್ರ ಅವರಿಗೆ ಹೋಗತ್ತೆ, ಮುಖ ತೋರಿಸೋಕಾಗಲ್ಲ. ಅಂಥ ಪತ್ರ ಬಂದ್ರೆ ಬಿಸಾಕಬೇಡಿ, ಜೊತೇಲಿರೋ ಫಾರ್ಮಿಗೆ ಗಾಬರಿಯಲ್ಲಿ ಸೈನೂ ಹಾಕಬೇಡಿ, ಕೊಟ್ಟ ಗಡುವಿನ ಒಳಗೆ ಗ್ರಾಹಕರ ಸಲಹಾ ಕೇಂದ್ರಕ್ಕೋ ವಕೀಲರ ಹತ್ರವೋ ಹೋಗಿ.

ಸ್ಟೂಡೆಂಟ್ಸ್‌ಗೆ ಯೂನಿವರ್ಸಿಟಿಯ ಎಡುರೋಮ್ ವೈಫೈ ಸಿಗತ್ತೆ, ಯೂಸರ್‌ನೇಮ್ ಜೊತೆ ಆ್ಯಟ್ ಗುರುತು ಹಾಕಿ ಯೂನಿವರ್ಸಿಟಿ ಹೆಸರೂ ಬೇಕು, ಅವರದೇ ಇನ್‌ಸ್ಟಾಲರ್ ಇದೆ ಅದನ್ನೇ ಹಾಕಿ.

ಇಷ್ಟಾದ್ರೂ ಆಗ್ಲಿಲ್ಲ ಅಂದ್ರೆ ಗುಂಪಲ್ಲಿ ಕೇಳಿ, ಆದ್ರೆ ಬರೀ "ನೆಟ್ ಇಲ್ಲ" ಅಂತ ಬರೀಬೇಡಿ. ಲ್ಯಾಪ್‌ಟಾಪ್ ಮಾಡೆಲ್, ಮೊಬೈಲಲ್ಲಿ ಬರತ್ತೋ ಇಲ್ವೋ, ರೂಟರ್ ದೀಪಗಳ ಫೋಟೋ, ಸ್ಕ್ರೀನ್ ಮೇಲೆ ಬಂದ ಮೆಸೇಜಿನ ಫೋಟೋ ಹಾಕಿ. ಚೀಟಿಯ ಪಾಸ್‌ವರ್ಡ್ ಫೋಟೋ ಮಾತ್ರ ಹಾಕ್ಬೇಡಿ. ಕೇಬಲ್ಲೋ ಊರಿನ ಚಾರ್ಜರಿಗೆ ಇಲ್ಲಿನ ಪಿನ್ನೋ ಬೇಕಾದ್ರೆ ಶನಿವಾರನೇ ತಗೊಂಡ್ಬಿಡಿ, ಭಾನುವಾರ ಅಂಗಡಿ ಮುಚ್ಚಿರತ್ತೆ. ಮರ್ತಿದ್ರೆ ಗುಂಪಲ್ಲಿ ಕೇಳಿ, ಹತ್ತಿರದೋರ ಮನೇಲಿ ಯಾರ ಹತ್ರಾದ್ರೂ ಒಂದು ಜಾಸ್ತಿ ಇದ್ದೇ ಇರತ್ತೆ.