391 ಅವಿಭಾಜ್ಯವಲ್ಲ

ಆರನೆಯ ತರಗತಿಗೆ ಗಣಿತ ಕಲಿಸಲು ಆರಂಭಿಸಿದ ಮೊದಲ ವರ್ಷ ನಾನು ಕಪ್ಪುಹಲಗೆಯ ಮೇಲೆ 391ನ್ನು ಅವಿಭಾಜ್ಯ ಸಂಖ್ಯೆಗಳ ಸಾಲಿನಲ್ಲಿ ಬರೆದುಬಿಟ್ಟಿದ್ದೆ. 2, 3, 5 ಮತ್ತು 11ರ ನಿಯಮಗಳನ್ನು ಮನಸ್ಸಿನಲ್ಲೇ ಹಚ್ಚಿ ನೋಡಿ, 7ರಿಂದಲೂ ಭಾಗಿಸಿ, ಅಲ್ಲಿಗೆ ಕೆಲಸ ಮುಗಿಯಿತೆಂದು ತಿಳಿದಿದ್ದೆ. ಮರುದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಹದಿನೇಳರ ಮಗ್ಗಿಯನ್ನು ಹಾಗೇ ಮುಂದುವರಿಸಿದರೆ ಇಪ್ಪತ್ತಮೂರಕ್ಕೆ ಸರಿಯಾಗಿ ಈ ಲೆಕ್ಕ ಬರುತ್ತದೆ" ಎಂದಳು. 391ರ ವರ್ಗಮೂಲ 20ಕ್ಕಿಂತ ತುಸು ಕಡಿಮೆ ಇರುವುದರಿಂದ 19ರವರೆಗಿನ ಎಂಟು ಅವಿಭಾಜ್ಯ ಸಂಖ್ಯೆಗಳನ್ನೂ ಪರೀಕ್ಷಿಸಬೇಕಿತ್ತು. ನಾನು ಐದಕ್ಕೇ ನಿಲ್ಲಿಸಿದ್ದೆ. ನಿಯಮ ಬಾಯಿಪಾಠವಾಗಿರುವ ಭಾಜಕಗಳನ್ನು ಮಾತ್ರ ನೋಡಿ ಉಳಿದವನ್ನು ಮರೆಯುವ ಈ ತಪ್ಪನ್ನು ಮಕ್ಕಳಿಗೆ ಕಲಿಸಿದವರು ನಮ್ಮಂಥ ಶಿಕ್ಷಕರೇ ಎಂದು ನನಗೆ ಅಂದು ಅನ್ನಿಸಿತು.

ಅಂದಿನಿಂದ ನಿಯಮವನ್ನು ಮೊದಲು ಹೇಳುವುದನ್ನು ಬಿಟ್ಟೆ. 9ರ ಪಾಠದ ದಿನ ಒಂದು ಡಬ್ಬಿ ಹುಣಸೆ ಬೀಜ ತಂದು, 34 ಬೀಜಗಳನ್ನು ಹತ್ತರ ಮೂರು ಗುಂಪು, ಬಿಡಿ ನಾಲ್ಕು ಎಂದು ಮೇಜಿನ ಮೇಲೆ ಇಡಿಸಿದೆ. ಪ್ರತಿ ಗುಂಪಿನಿಂದ ಒಂದೊಂದು ಬೀಜವನ್ನು ಎತ್ತಿ ಬಿಡಿಯ ಜೊತೆ ಸೇರಿಸಲು ಹೇಳಿದಾಗ ಗುಂಪುಗಳಲ್ಲಿ ಒಂಬತ್ತೊಂಬತ್ತು ಉಳಿದವು, ಬಿಡಿ ಬೀಜಗಳು ಏಳಾದವು. ಆ ಏಳು ಎಂದರೆ 3 ಮತ್ತು 4ರ ಮೊತ್ತ, ಅಂದರೆ ಅಂಕಿಗಳ ಮೊತ್ತ, ಮತ್ತು 34ನ್ನು 9ರಿಂದ ಭಾಗಿಸಿದಾಗ ಉಳಿಯುವ ಶೇಷವೂ ಅದೇ. ನೂರರ ಗುಂಪಿನಿಂದ ಒಂದನ್ನು ತೆಗೆದರೆ 99, ಸಾವಿರದಿಂದ ತೆಗೆದರೆ 999 ಎಂಬುದನ್ನು ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ. 11ರ ವಿಷಯದಲ್ಲಿ ಮಾತ್ರ ಹತ್ತರ ಗುಂಪಿಗೆ ಒಂದು ಬೀಜ ಸಾಲ ಕೊಡಬೇಕಾಗುತ್ತದೆ, ನೂರರ ಗುಂಪಿನಿಂದ ಒಂದನ್ನು ಪಡೆಯಬೇಕಾಗುತ್ತದೆ. ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಕೂಡಿ ಕಳೆಯುವುದು ಈ ಕಾರಣಕ್ಕೆ.

2 ಮತ್ತು 3ರಿಂದ ಭಾಗವಾದರೆ 6ರಿಂದಲೂ ಭಾಗವಾಗುತ್ತದೆ ಎಂದು ಹೇಳಿದ ಮರುಕ್ಷಣ ಯಾರಾದರೊಬ್ಬರು 4 ಮತ್ತು 6ರಿಂದ ಭಾಗವಾದರೆ 24ರಿಂದಲೂ ಭಾಗವಾಗುತ್ತದೆ ಎನ್ನುತ್ತಾರೆ. ನಾನು ಹಲಗೆಯ ಮೇಲೆ 12 ಎಂದು ಬರೆದು ಸುಮ್ಮನಿರುತ್ತೇನೆ.

ಅಪವರ್ತನಗಳನ್ನು ಪಟ್ಟಿ ಮಾಡುವಾಗ ಜೋಡಿಯಾಗಿಯೇ ಬರೆಯಬೇಕೆಂಬುದು ನನ್ನ ಹಟ. 360ಕ್ಕೆ 1 ಮತ್ತು 360, 2 ಮತ್ತು 180 ಎಂದು ಎರಡು ತುದಿಗಳಿಂದ ಒಳಗೆ ಬರುತ್ತ ಹೋದರೆ 18 ಮತ್ತು 20ರಲ್ಲಿ ಜೋಡಿಗಳು ಮುಗಿಯುತ್ತವೆ. ಒಟ್ಟು 24 ಅಪವರ್ತನಗಳಲ್ಲಿ ಒಂದೂ ತಪ್ಪಿಹೋಗುವುದಿಲ್ಲ. ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ, ಏಕೆಂದರೆ 19ರ ನಂತರ ಸಿಗುವುದೆಲ್ಲ ಈಗಾಗಲೇ ಬರೆದ ಜೋಡಿಯ ಇನ್ನೊಂದು ತುದಿಯಷ್ಟೇ.

ವರ್ಷದ ಕೊನೆಯಲ್ಲಿ ಒಂದು ದೊಡ್ಡ ಸಂಖ್ಯೆ ಕೊಡುವುದು ವಾಡಿಕೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಹೂಮಾಲೆಯಂತೆ ಎರಡು ತುದಿಗಳಿಂದಲೂ ಒಂದೇ ರೀತಿ ಕಾಣುವ ಗುಣಲಬ್ಧಗಳನ್ನು ಕೊಟ್ಟಿದ್ದಾನೆ. ಅವುಗಳಲ್ಲೊಂದಾದ 11111111ನ್ನು ಕಳೆದ ವರ್ಷ ಒಡೆಯಲು ಕೊಟ್ಟೆ. ಅಂಕಿಗಳನ್ನು ಕೂಡಿ ಕಳೆದಾಗ ಸೊನ್ನೆ ಬಂದದ್ದರಿಂದ 11 ತಕ್ಷಣ ಹೊರಬಿತ್ತು, ಉಳಿದ 1010101ರಲ್ಲಿ 101 ಕಣ್ಣಿಗೇ ಕಾಣುತ್ತಿತ್ತು. ಕೊನೆಗೆ ಉಳಿದ 10001 ಅವಿಭಾಜ್ಯವೆಂದು ಹೆಚ್ಚಿನವರು ಪುಸ್ತಕ ಮುಚ್ಚಿದರು. ವರ್ಗಮೂಲ 100ಕ್ಕಿಂತ ತುಸು ಹೆಚ್ಚು, ಇನ್ನೂ ನೋಡಬೇಕು ಎಂದು ಇಬ್ಬರು ಮಾತ್ರ ಸರದಿಯಂತೆ ಭಾಗಿಸುತ್ತ ಕುಳಿತರು. ಊಟದ ಗಂಟೆ ಹೊಡೆದ ಮೇಲೂ ಏಳಲಿಲ್ಲ. ಅವಿಭಾಜ್ಯ ಸಂಖ್ಯೆಗಳ ಸಾಲಿನಲ್ಲಿ ಇಪ್ಪತ್ತೊಂದನೆಯದಾದ 73ರಲ್ಲಿ ಶೇಷ ಸೊನ್ನೆಯಾಯಿತು, ಭಾಗಲಬ್ಧ 137.