ಕಿವಿಯಲ್ಲಿ ದುರ್ಗ: ಮೊಬೈಲಿನಲ್ಲಿ ನಮ್ಮೂರಿನ ನೀರಿನ ದಾರಿ ಕಟ್ಟುವುದು ಹೇಗೆ?

ಭಾನುವಾರ ಬೆಳಿಗ್ಗೆ ಚಿತ್ರದುರ್ಗದ ಕೋಟೆ ಬಾಗಿಲಲ್ಲಿ ಅರ್ಧ ಗಂಟೆ ನಿಂತು ನೋಡಿ. ಬಂದವರೆಲ್ಲ ಮೊಬೈಲ್ ತೆಗೆಯುತ್ತಾರೆ. ಗೋಡೆಗೆ ಬೆನ್ನು ಮಾಡಿ ನಿಂತು ಫೋಟೊ ತೆಗೆದುಕೊಳ್ಳುತ್ತಾರೆ. ಒಳಗೆ ಹೋಗಿ, ಎರಡು ಗಂಟೆ ಬಿಟ್ಟು ಇಳಿದು ಬಂದು ಬಸ್ ಹತ್ತುತ್ತಾರೆ. ಫೋಟೊ ತೆಗೆಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಮೊಬೈಲಿಗೆ ಮಾತಾಡಲೂ ಬರುತ್ತದೆ, ಅಲ್ವಾ? ನಮ್ಮೂರಿನವರೇ ಒಬ್ಬರು ಕಿವಿಯಲ್ಲಿ "ಸ್ವಲ್ಪ ನಿಲ್ಲಿ, ಎಡಗಡೆ ಕೆಳಗೆ ನೋಡಿ" ಅಂದರೆ, ಕಣ್ಣು ಪರದೆ ಬಿಟ್ಟು ಕಲ್ಲಿನ ಕಡೆ ಹೋಗುತ್ತದೆ.

ಇದಕ್ಕೆ ಆಡಿಯೊ ನಡಿಗೆ ಎನ್ನುತ್ತಾರೆ. ಏಳೆಂಟು ಜಾಗ, ಒಂದೊಂದು ಜಾಗದಲ್ಲಿ ಒಂದೂವರೆ ನಿಮಿಷದ ಮಾತು, ಅಷ್ಟೇ. ಸಾಧಾರಣ ಸ್ಮಾರ್ಟ್‌ಫೋನ್, ಮೂರು ಭಾನುವಾರ, ಜೊತೆಗೆ ಗೆಳೆಯರೋ ಮನೆಯ ಮಕ್ಕಳೋ ಇದ್ದರೆ ಯಾರು ಬೇಕಾದರೂ ಮಾಡಬಹುದು.

ಮೊದಲು ಒಂದು ಎಳೆ ಹಿಡಿಯಿರಿ

"ದುರ್ಗದ ಇತಿಹಾಸ ಹೇಳ್ತೀನಿ" ಎಂದು ಹೊರಟರೆ ಎಲ್ಲಿ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಗೊತ್ತಾಗುವುದಿಲ್ಲ. ಕೇಳುವವರಿಗೂ ಸುಸ್ತು. ಒಂದೇ ಒಂದು ಎಳೆ ಹಿಡಿಯಿರಿ. ಬಾಗಿಲುಗಳು ಆಗಬಹುದು, ಪೇಟೆಗಳ ಹೆಸರುಗಳು ಆಗಬಹುದು. ದಾವಣಗೆರೆಯವರಾದರೆ ಹತ್ತಿ ಮಿಲ್ಲುಗಳ ಕಾಲದ ಬೀದಿಗಳನ್ನು ಹಿಡಿಯಬಹುದು.

ನನ್ನ ಆಯ್ಕೆ ನೀರು. ನಮ್ಮದು ಮಳೆ ಕಡಿಮೆ ಇರುವ ಸೀಮೆ. ಸುತ್ತ ಬರೀ ಬಂಡೆ. ಇಂಥ ಬೆಟ್ಟದ ಮೇಲೆ ನಾಯಕರ ಕಾಲದಲ್ಲಿ ಅಷ್ಟು ಜನ, ಕುದುರೆ, ದನಕರು ಬದುಕಿದ್ದಾದರೂ ಹೇಗೆ? ಬಂಡೆಯ ಮೇಲೆ ಬಿದ್ದ ಮಳೆನೀರನ್ನು ಹರಿಯಲು ಬಿಡದೆ ಹೊಂಡದಲ್ಲಿ ಹಿಡಿದಿಟ್ಟರು. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ಹೆಚ್ಚಿನ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಇನ್ನೂ ಕೆಳಗೆ. ಊರೊಳಗಿರುವ ಸಿಹಿನೀರು ಹೊಂಡ, ಸಂತೆ ಹೊಂಡ ಕೂಡ ಇದೇ ಸಾಲಿನವು. ಅಂದರೆ ಕೋಟೆ ಟಿಕೆಟ್ ಕೌಂಟರಿನ ಹತ್ತಿರ ಮುಗಿಯುವುದಿಲ್ಲ. ನೀರಿನ ಹಿಂದೆ ನಡೆದರೆ ಅದು ಪೇಟೆಯೊಳಗೆ ಬಂದು ನಿಲ್ಲುತ್ತದೆ. ನನಗೆ ಈ ಎಳೆ ಇಷ್ಟವಾಗಿದ್ದು ಅದಕ್ಕೇ. ಸಂತೆ ಹೊಂಡದ ಪಕ್ಕ ದಿನಾ ಓಡಾಡುವ ಎಷ್ಟೋ ಜನರಿಗೆ ಅದು ಬೆಟ್ಟದ ಹೊಂಡಗಳ ತಂಗಿ ಅನ್ನುವುದು ಹೊಳೆದಿರುವುದಿಲ್ಲ.

ಮೊದಲ ಸಲ ಬರಿಗೈಲಿ ನಡೆಯಿರಿ

ಫೋನ್ ಜೇಬಿನಲ್ಲಿರಲಿ. ಮೇಲಿನಿಂದ ಕೆಳಕ್ಕೆ ನಡೆಯಿರಿ. ನೀರು ಹೋಗುವ ದಿಕ್ಕೂ ಅದೇ, ಕೇಳುವವರ ಮಂಡಿಗೂ ಅದೇ ಒಳ್ಳೆಯದು. ಎಲ್ಲಿ ನಿಮಗೆ ನಿಲ್ಲಬೇಕು ಅನ್ನಿಸುತ್ತದೋ ಅಲ್ಲಿ ನಿಲ್ಲಿ. ಅಲ್ಲಿ ನೆರಳಿದೆಯೇ? ಕೂರಲು ಕಟ್ಟೆ ಇದೆಯೇ? ನಾಲ್ಕು ಜನ ನಿಂತರೆ ದಾರಿಗೆ ಅಡ್ಡವಾಗುತ್ತದೆಯೇ? ಇವನ್ನೆಲ್ಲ ಚೀಟಿಯಲ್ಲಿ ಬರೆದುಕೊಳ್ಳಿ.

ಎರಡನೆಯ ಸಲ ಫೋನ್ ತೆಗೆಯಿರಿ. ಗೂಗಲ್ ಮ್ಯಾಪ್ಸ್‌ನಲ್ಲಿ ನಿಂತ ಜಾಗದ ಮೇಲೆ ಬೆರಳು ಒತ್ತಿ ಹಿಡಿದರೆ ಒಂದು ಗುರುತು ಬೀಳುತ್ತದೆ. ಅದಕ್ಕೆ ಹೆಸರು ಕೊಟ್ಟು ಸೇವ್ ಮಾಡಿ. ಒಂದು ವಿಷಯ ನೆನಪಿರಲಿ. ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಬಂಡೆಗಳ ಸಂದಿಯಲ್ಲಿ, ಪೇಟೆಯ ಓಣಿಯಲ್ಲಿ ಇನ್ನೂ ಜಾಸ್ತಿ ತಪ್ಪುತ್ತದೆ. ಹಾಗಾಗಿ ದಾರಿ ಹೇಳುವಾಗ ಮ್ಯಾಪನ್ನೇ ನಂಬಬೇಡಿ. "ಮೆಟ್ಟಿಲು ಇಳಿದ ಮೇಲೆ ಬಲಗೈ ಕಡೆ ಬೇವಿನ ಮರ" ಎಂದು ಬಾಯಲ್ಲೇ ಹೇಳಿ.

ಇತ್ತು, ಇತ್ತಂತೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಭಾಗ ಇದು.

ದುರ್ಗದಲ್ಲಿ ಪ್ರತಿ ಕಲ್ಲಿಗೂ ಒಂದು ಕಥೆ ಇದೆ. ಕೆಲವಕ್ಕೆ ದಾಖಲೆ ಇದೆ, ಕೆಲವು ಬಾಯಿಂದ ಬಾಯಿಗೆ ಬಂದವು. ಎರಡೂ ಬೇಕು. ಎರಡನ್ನೂ ಕಲಸಿಬಿಟ್ಟರೆ ಮಾತ್ರ ಎರಡಕ್ಕೂ ಅನ್ಯಾಯ. ಇದಕ್ಕೆ ಕನ್ನಡದಲ್ಲಿ ಒಂದು ಪುಟ್ಟ ಅನುಕೂಲ ಇದೆ. ದಾಖಲೆ ಇದ್ದರೆ "ಇತ್ತು" ಅನ್ನಿ. ಕೇಳಿದ್ದಾದರೆ "ಇತ್ತಂತೆ" ಅನ್ನಿ. ಆ ಒಂದು "ಅಂತೆ"ಯಿಂದ ಕೇಳುವವರಿಗೆ ಎಲ್ಲ ಅರ್ಥವಾಗುತ್ತದೆ, ಕಥೆಯ ರುಚಿಯೂ ಕೆಡುವುದಿಲ್ಲ.

1779ರಲ್ಲಿ ಕೋಟೆ ಹೈದರಾಲಿಯ ಕೈ ಸೇರಿತು. ಇದು "ಇತ್ತು" ಸಾಲಿಗೆ ಸೇರುವ ಮಾತು. ಮದಕರಿ ನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಿದ್ದೂ ಅಷ್ಟೇ. ಅಕ್ಕ ತಂಗಿ ಹೊಂಡದ ಹೆಸರಿನ ಹಿಂದೆ ಇಬ್ಬರು ರಾಣಿಯರ ಕಥೆ ಹೇಳುತ್ತಾರೆ. ಅದನ್ನು "ಅಂತೆ" ಹಾಕಿಯೇ ಹೇಳಿ. ಓಬವ್ವನ ಕಥೆ ನಮ್ಮೆಲ್ಲರ ಎದೆಯಲ್ಲಿದೆ. ಕಹಳೆ ಊದುವ ಗಂಡ ಮುದ್ದಹನುಮ ಊಟಕ್ಕೆ ಬಂದಿದ್ದು, ಅವಳು ನೀರಿಗೆ ಹೋಗಿದ್ದು, ಕಿಂಡಿಯಲ್ಲಿ ನುಸುಳಿದವರನ್ನು ಒನಕೆಯಿಂದ ಹೊಡೆದಿದ್ದು, ಇವೆಲ್ಲ ತಲೆಮಾರುಗಳಿಂದ ಊರು ಹೇಳಿಕೊಂಡು ಬಂದ ಮಾತು. ಊರು ಹೇಳುವ ಹಾಗೆಯೇ ಹೇಳಿ.

ಶಾಸನದ ವಿಷಯ ಬಂದರೆ ಊಹೆ ಬೇಡ. ಫೋನಿನ ಲೆನ್ಸ್ ಆ್ಯಪ್ ಇಂದಿನ ಅಚ್ಚಿನ ಕನ್ನಡ ಓದಬಲ್ಲದು, ಕಲ್ಲಿನ ಮೇಲಿನ ಹಳೆಯ ಅಕ್ಷರ ಅದಕ್ಕೆ ದಕ್ಕುವುದಿಲ್ಲ. ನಮ್ಮ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟದಲ್ಲಿ ಕೊಟ್ಟಿದ್ದಾರೆ. ಗ್ರಂಥಾಲಯದಲ್ಲಿ ಕೇಳಿ ನೋಡಿ. ಊರಲ್ಲೇ ರಂಗಯ್ಯನ ಬಾಗಿಲಿನ ಹತ್ತಿರ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಕೋಟೆಯ ಒಂದು ಬಾಗಿಲು ಪೇಟೆಯ ನಡುವೆ ಹೇಗೆ ನಿಂತಿದೆ ಅನ್ನುವುದನ್ನು ನೋಡಲಿಕ್ಕಾದರೂ ಅಲ್ಲಿಗೆ ಹೋಗಬೇಕು.

ಇನ್ನು ನೀರಿನ ನಡಿಗೆಗೆ ಊರಿನ ಪಕ್ಕದ ಚಂದ್ರವಳ್ಳಿಗಿಂತ ಒಳ್ಳೆಯ ಮುನ್ನುಡಿ ಸಿಗಲಾರದು. ಅಲ್ಲಿ ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ನಾಲ್ಕನೆಯ ಶತಮಾನದ ಆ ಬಂಡೆ ಏನು ಹೇಳುತ್ತದೆ ಗೊತ್ತೇ? ಮಯೂರಶರ್ಮ ಒಂದು ಕೆರೆ ಕಟ್ಟಿಸಿದ ಎಂದು. ನಾಯಕರು ಹುಟ್ಟುವುದಕ್ಕೂ ಸಾವಿರ ವರ್ಷ ಮೊದಲೇ ಈ ಜಾಗದಲ್ಲಿ ನೀರು ನಿಲ್ಲಿಸಿದ್ದನ್ನು ಕಲ್ಲಿನಲ್ಲಿ ಕೆತ್ತಿಸಿಟ್ಟಿದ್ದಾರೆ. ಮೊದಲ ಫೈಲ್ ಇದೇ ಆಗಲಿ.

ಬರೆದುಕೊಂಡು ಮಾತಾಡಿ, ಓದಬೇಡಿ

ಒಂದು ಜಾಗಕ್ಕೆ ಒಂದೂವರೆ ನಿಮಿಷ ಸಾಕು. ನಿಂತು ಕೇಳುವವರ ಗಮನ ಅದಕ್ಕಿಂತ ಜಾಸ್ತಿ ಹಿಡಿಯುವುದು ಕಷ್ಟ. ಮೊದಲು ಎಲ್ಲಿ ನಿಲ್ಲಬೇಕು ಹೇಳಿ. ಆಮೇಲೆ ಏನಾದರೂ ಮಾಡಿಸಿ: ಮುಟ್ಟಲಿ, ಬಗ್ಗಲಿ, ತಲೆ ಎತ್ತಲಿ. ಕಥೆ ಆಮೇಲೆ. ಕೊನೆಗೆ ಮುಂದಿನ ದಾರಿ. ಓಬವ್ವನ ಕಿಂಡಿಯ ಹತ್ತಿರದ ನೀರಿನ ತಾಣ ತಣ್ಣೀರು ದೋಣಿಗೆ ನಾನು ಬರೆದುಕೊಂಡಿದ್ದು ಹೀಗೆ:

"ಇಲ್ಲಿ ನಿಲ್ಲಿ. ಒಂದು ಕ್ಷಣ ಸುಮ್ನೆ ಇರಿ. ಬಂಡೆ ಮೇಲೆ ಕೈ ಇಡಿ, ಬಿಸಿಲಿನ ಕಡೆ ಒಂದು, ನೆರಳಿನ ಕಡೆ ಒಂದು. ವ್ಯತ್ಯಾಸ ಗೊತ್ತಾಯಿತಾ? ಓಬವ್ವ ಅವತ್ತು ನೀರಿಗೆ ಬಂದಿದ್ದು ಇಲ್ಲಿಗೇ ಅಂತೆ. ಗಂಡ ಊಟಕ್ಕೆ ಕೂತಿದ್ದ. ಮನೆಯಲ್ಲಿ ನೀರು ಮುಗಿದಿತ್ತು. ಅಷ್ಟೇ ಕಾರಣ. ಈಗ ಕಿಂಡಿ ಕಡೆ ನಡೆಯಿರಿ. ಅವಳು ಎಷ್ಟು ಹೆಜ್ಜೆ ಇಟ್ಟಿರಬಹುದು, ನೀವೇ ಎಣಿಸಿ."

ಇಷ್ಟನ್ನು ಜೋರಾಗಿ ಓದಿದಾಗ ನಾಲಿಗೆ ತೊಡರಿದ ಕಡೆಯೆಲ್ಲ ವಾಕ್ಯ ಮುರಿಯಿರಿ. ಪುಸ್ತಕದ ಮಾತು ಬಂದರೆ ಹೊಡೆದುಹಾಕಿ.

ನಮ್ಮೂರಿನ ಗಾಳಿ

ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ಬಂದು ನಿಂತಿಲ್ಲ. ದುರ್ಗದ ಗಾಳಿ ರೆಕಾರ್ಡಿಂಗಿಗೆ ದೊಡ್ಡ ಶತ್ರು. ಕೋಟೆಯ ಮೇಲೆ ಒಬ್ಬ ಅಜ್ಜನ ಜೊತೆ ಇಪ್ಪತ್ತು ನಿಮಿಷ ಮಾತಾಡಿ, ಮನೆಗೆ ಬಂದು ಕೇಳಿದರೆ ಬರೀ ಭರ್ ಎನ್ನುವ ಸದ್ದು. ಆ ಮಾತು ಮತ್ತೆ ಸಿಗಲಿಲ್ಲ. ಇವತ್ತಿಗೂ ಅದು ನನಗೆ ನೋವು. ಅದಕ್ಕೇ ಹೇಳುತ್ತೇನೆ, ಮೈಕ್ ಇರುವ ಕಡೆಗೆ ತೆಳ್ಳನೆಯ ಹತ್ತಿ ಕರವಸ್ತ್ರವನ್ನು ಒಂದು ಸುತ್ತು ಸುತ್ತಿ. ಗಾಳಿಗೆ ಬೆನ್ನು ಮಾಡಿ ನಿಲ್ಲಿ. ಫೋನ್ ಬಾಯಿಂದ ಒಂದು ಗೇಣು ದೂರ ಇರಲಿ, ನೇರ ಎದುರಿಗೆ ಬೇಡ, ಸ್ವಲ್ಪ ಓರೆಯಾಗಿ. ಏರೋಪ್ಲೇನ್ ಮೋಡ್ ಹಾಕಿ, ನಡುವೆ ಕರೆ ಬರಬಾರದು. ಅರ್ಧ ನಿಮಿಷ ರೆಕಾರ್ಡ್ ಮಾಡಿ, ಅಲ್ಲೇ ಇಯರ್‌ಫೋನಿನಲ್ಲಿ ಕೇಳಿ, ಆಮೇಲೆ ಮುಂದುವರಿಯಿರಿ.

ನಿಮ್ಮ ಸ್ವಂತ ಮಾತನ್ನು ಮನೆಯಲ್ಲೇ ರೆಕಾರ್ಡ್ ಮಾಡುವುದು ಒಳ್ಳೆಯದು. ಬಟ್ಟೆ ತುಂಬಿದ ಬೀರು ಬಾಗಿಲು ತೆಗೆದು ಅದರ ಮುಂದೆ ಕೂತರೆ ದನಿ ಗುಂಯ್‌ಗುಡುವುದಿಲ್ಲ. ಫೋನಿನಲ್ಲೇ ಇರುವ ರೆಕಾರ್ಡರ್ ಸಾಕು. ಆದರೆ ಪ್ರತಿ ಜಾಗದಲ್ಲೂ ಒಂದು ನಿಮಿಷ ಏನೂ ಮಾತಾಡದೆ ಬರೀ ಅಲ್ಲಿನ ಸದ್ದು ಹಿಡಿದುಕೊಂಡು ಬನ್ನಿ. ಮೇಲೆ ಗಿಳಿ, ಮಂಗ, ಶಾಲಾ ಮಕ್ಕಳ ಕೂಗು. ಕೆಳಗೆ ಆಟೋ, ಗುಡಿಯ ಗಂಟೆ. ನಿಮ್ಮ ಮಾತಿನ ಹಿಂದೆ ಇದನ್ನು ಮೆಲ್ಲಗೆ ಸೇರಿಸಿದರೆ ಮನೆಯಲ್ಲಿ ಕೂತು ಕೇಳುವವರಿಗೂ ಜಾಗ ಕಾಣುತ್ತದೆ.

ಹಿರಿಯರ ದನಿ

ಏಳು ಜಾಗದಲ್ಲಿ ಮೂರರಲ್ಲಾದರೂ ನಿಮ್ಮದಲ್ಲದ ದನಿ ಇರಲಿ. ಹೊಂಡದ ಹತ್ತಿರ ಹೂ ಕಟ್ಟುವ ಅಮ್ಮ, ಹಳೇ ಮನೆಯ ಜಗಲಿ ಮೇಲೆ ಕೂತ ಯಜಮಾನರು, ಇವರಿಗೆ ಗೊತ್ತಿರುವುದು ಯಾವ ಫಲಕದಲ್ಲೂ ಇಲ್ಲ. ಹೋದ ಕೂಡಲೇ ಫೋನ್ ಮುಂದೆ ಹಿಡಿಯಬೇಡಿ. ಕೂತು ಮಾತಾಡಿ. "ಹೊಂಡದ ಇತಿಹಾಸ ಹೇಳಿ" ಅಂದರೆ ಅವರು ಗಾಬರಿಯಾಗುತ್ತಾರೆ, ತಪ್ಪು ಹೇಳಿಬಿಟ್ಟೇನೋ ಅನ್ನುವ ಭಯ. "ಅಜ್ಜೀ, ನೀವು ಸಣ್ಣೋರಿದ್ದಾಗ ಇಲ್ಲಿ ಬಟ್ಟೆ ಒಗೀತಿದ್ರಾ? ನೀರು ಎಲ್ಲೀವರ್ಗೂ ಬರ್ತಿತ್ತು?" ಅಂತ ಕೇಳಿ. ಅವರೇ ಎದ್ದು ಬಂದು ಮೆಟ್ಟಿಲು ತೋರಿಸುತ್ತಾರೆ.

ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಕೇಳಬೇಕು. "ಇದನ್ನ ಬೇರೆಯವರೂ ಕೇಳ್ತಾರೆ, ಆಗಬಹುದಾ?" ಅನ್ನುವ ಪ್ರಶ್ನೆ, ಅದಕ್ಕೆ ಅವರ ಉತ್ತರ ಎರಡೂ ಫೈಲಿನಲ್ಲೇ ಇರಲಿ. ಮುಗಿದ ಮೇಲೆ ಅವರಿಗೇ ಮೊದಲು ಕೇಳಿಸಿ. ಬೇಡ ಅಂದಿದ್ದನ್ನು ಅವರ ಎದುರೇ ಅಳಿಸಿ.

ಜೋಡಿಸಿ, ಹಂಚಿ

ಇದು ಅಂಥ ಕಷ್ಟದ ಕೆಲಸವಲ್ಲ. ಮುಂದೆ ಹಿಂದೆ ಕತ್ತರಿಸಿ, ಎಂಪಿ3 ಮಾಡಿ, 01, 02 ಎಂದು ಹೆಸರಿಡಿ. ಸಾಮಾನ್ಯ ಗುಣಮಟ್ಟದಲ್ಲಿ ಒಂದು ನಿಮಿಷಕ್ಕೆ ಸುಮಾರು 1 ಎಂಬಿ. ಇಡೀ ನಡಿಗೆ 10–12 ಎಂಬಿ ಒಳಗೆ ಮುಗಿಯುತ್ತದೆ. ಫೈಲುಗಳನ್ನು ಗೂಗಲ್ ಡ್ರೈವ್‌ಗೆ ಹಾಕಿ, ಲಿಂಕ್ ಇದ್ದವರೆಲ್ಲ ಕೇಳುವ ಹಾಗೆ ಮಾಡಿ. ಆಮೇಲೆ ಕಂಪ್ಯೂಟರಿನಲ್ಲಿ ಗೂಗಲ್ ಮೈ ಮ್ಯಾಪ್ಸ್ ತೆರೆದು, ಪ್ರತಿ ಜಾಗಕ್ಕೂ ಗುರುತು ಹಾಕಿ, ಅದರ ವಿವರಣೆಯಲ್ಲಿ ಆಯಾ ಲಿಂಕ್ ಅಂಟಿಸಿ. ಇಡೀ ಮ್ಯಾಪಿಗೆ ಒಂದೇ ಲಿಂಕ್ ಸಿಗುತ್ತದೆ. ಕೋಟೆಯ ಒಳಗೆ ಎಲ್ಲ ಕಡೆ ಸಿಗ್ನಲ್ ಸಿಗುತ್ತದೆ ಎಂದುಕೊಳ್ಳಬೇಡಿ. ಹೊರಡುವ ಮುಂಚೆಯೇ ಇಳಿಸಿಕೊಳ್ಳಲು ಹೇಳಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಫೈಲ್ ಹೆಸರೂ ಉಳಿಯುತ್ತದೆ.

ಕ್ಯೂಆರ್ ಕೋಡ್ ಬೇಕೆಂದರೆ ಫೋನಿನ ಕ್ರೋಮ್ ಬ್ರೌಸರಿನಲ್ಲಿ ಮ್ಯಾಪ್ ತೆರೆದು ಶೇರ್ ಒತ್ತಿ, ಅಲ್ಲೇ ಸಿಗುತ್ತದೆ. ಅದನ್ನು ಕೋಟೆಯ ಕಲ್ಲಿಗಾಗಲಿ ಗುಡಿಯ ಕಂಬಕ್ಕಾಗಲಿ ಖಂಡಿತ ಅಂಟಿಸಬೇಡಿ. ಇದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ, ಕೆಡಿಸಿದರೆ 1958ರ ಕಾಯ್ದೆಯಡಿ ಶಿಕ್ಷೆ ಇದೆ. ಟ್ರೈಪಾಡ್, ಡ್ರೋನ್ ತರಬೇಕಾದರೂ ಇಲಾಖೆಯ ಅನುಮತಿ ಬೇಕು. ಕೋಡನ್ನು ದಾರಿಯ ಟೀ ಅಂಗಡಿಯವರನ್ನು ಕೇಳಿ ಅವರ ಗೋಡೆಗೆ ಹಚ್ಚಿ.

ಒಬ್ಬರನ್ನು ನಡೆಸಿ ನೋಡಿ

ಊರಿಗೆ ಹೊಸಬರಾದ ಒಬ್ಬರ ಕೈಗೆ ಫೋನ್ ಕೊಟ್ಟು, ನೀವು ಇಪ್ಪತ್ತು ಹೆಜ್ಜೆ ಹಿಂದೆ ನಡೆಯಿರಿ. ಬಾಯಿ ತೆರೆಯಬೇಡಿ. ಅವರು ಎಲ್ಲಿ ತಬ್ಬಿಬ್ಬಾಗಿ ನಿಲ್ಲುತ್ತಾರೋ ಅಲ್ಲಿ ನಿಮ್ಮ ಮಾತು ಸರಿಯಿಲ್ಲ. ಪೇಟೆಗೆ ಇಳಿದ ಮೇಲೆ ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಲು ಫೈಲಿನಲ್ಲೇ ಹೇಳಿರಬೇಕು. ಸಂತೆ ಹೊಂಡದ ಸುತ್ತ ವಾಹನ ಜಾಸ್ತಿ, ನಿಂತು ಕೇಳಬೇಕೇ ಹೊರತು ನಡೆಯುತ್ತಾ ಅಲ್ಲ.

ಇನ್ನೊಂದು ಕೆಲಸ ಮಳೆಗಾಲಕ್ಕೆ ಉಳಿದಿರುತ್ತದೆ. ಚೆನ್ನಾಗಿ ಮಳೆ ಬಂದು ಗೋಪಾಲಸ್ವಾಮಿ ಹೊಂಡ ತುಂಬಿದ ಸುದ್ದಿ ಬಂದ ದಿನ ಕೊಡೆ ಹಿಡಿದು ಮೇಲೆ ಹೋಗಿ. ನೀರು ಕೆಳಕ್ಕೆ ಇಳಿಯುವ ಸದ್ದನ್ನು ಒಂದು ನಿಮಿಷ ಹಿಡಿದು ತನ್ನಿ. ಹಳೆಯ ಫೈಲಿಗೆ ಆ ಸದ್ದು ಸೇರಿಸಿ, ಡ್ರೈವ್‌ನಲ್ಲಿ ಅದೇ ಫೈಲಿನ ಹೊಸ ಆವೃತ್ತಿಯಾಗಿ ಹಾಕಿ. ಲಿಂಕ್ ಬದಲಾಗುವುದಿಲ್ಲ. ಟೀ ಅಂಗಡಿಯ ಗೋಡೆಯ ಮೇಲಿನ ಕೋಡೂ ಹಾಗೇ ಇರುತ್ತದೆ. ಮುಂದಿನ ಭಾನುವಾರ ಅದನ್ನು ಸ್ಕ್ಯಾನ್ ಮಾಡಿದವರಿಗೆ ನೀರು ಕೇಳಿಸುತ್ತದೆ.