ಕತ್ತಿ ಬಿಟ್ಟು ಕಾನಿಗೆ ಹೋದದ್ದು

ನಮ್ಮ ಮನೆ ತೀರ್ಥಹಳ್ಳಿ ಕಡೆ. ಹಿತ್ತಲು ದಾಟಿದರೆ ತೋಟ, ತೋಟ ದಾಟಿದರೆ ಕಾನು. ಹುಟ್ಟಿದಾಗಿನಿಂದ ನೋಡಿದ ಕಾಡು, ಆದರೆ ಕೆಲಸ ಇಲ್ಲದೆ ಒಂದು ದಿನವೂ ಒಳಗೆ ಹೋದವನಲ್ಲ. ದರಗು, ಅಂದರೆ ಉದುರಿದ ಒಣ ಎಲೆ ತರೋದಕ್ಕೆ, ಸೊಪ್ಪು ಕಡಿಯೋದಕ್ಕೆ, ಮಳೆ ಹಿಡಿದರೆ ಅಣಬೆಗೆ, ಹೀಗೆ ಕೈಯಲ್ಲಿ ಕತ್ತಿಯೋ ಬುಟ್ಟಿಯೋ ಇದ್ದೇ ಇರುತ್ತಿತ್ತು.

ಆಮೇಲೆ ಬೆಂಗಳೂರಿನ ಕೆಲಸ. ದಿನಕ್ಕೆ ಹತ್ತು ಗಂಟೆ ಸ್ಕ್ರೀನು, ರಾತ್ರಿ ಎರಡಕ್ಕೆ ಎಚ್ಚರ. ಆಗ ಗೆಳೆಯನೊಬ್ಬ ಜಪಾನಿನವರ ಶಿನ್ರಿನ್ ಯೋಕು ಬಗ್ಗೆ ಹೇಳಿದ. ಶಿನ್ರಿನ್ ಅಂದರೆ ಕಾಡು, ಯೋಕು ಅಂದರೆ ಸ್ನಾನ. 1982ರಲ್ಲಿ ಅಲ್ಲಿನ ಅರಣ್ಯ ಇಲಾಖೆ ಚಾಲ್ತಿಗೆ ತಂದ ಹೆಸರು. ಕಾಡಿನಲ್ಲಿ ನಿಧಾನವಾಗಿ ಸುತ್ತೋದು, ನೋಡೋದು, ಮೂಸೋದು, ಕೇಳೋದು, ಅಷ್ಟೇ. ನನಗೆ ನಗು ಬಂತು. ನಮ್ಮೂರಲ್ಲಿ ಅಂಥವರಿಗೆ ಕೆಲಸ ಇಲ್ಲದವರು ಅಂತಾರೆ.

ಹೋದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ನೋಡೇ ಬಿಡೋಣ ಅಂತ ಹೊರಟೆ. ಮೊದಲ ದಿನ ಪೂರಾ ಎಡವಟ್ಟು. ಮೊಬೈಲಲ್ಲಿ ಹೆಜ್ಜೆ ಎಣಿಸುತ್ತಾ, ಹಕ್ಕಿ ಕೂಗಿದರೆ ಅದು ಯಾವುದು ಅಂತ ಆ್ಯಪಲ್ಲಿ ಹುಡುಕುತ್ತಾ, ಫೋಟೋ ಹೊಡೆಯುತ್ತಾ ಒಂದೂವರೆ ಗಂಟೆ ಓಡಾಡಿ ಬೆವರಿಕೊಂಡು ಬಂದೆ. ಬೆಂಗಳೂರಿನ ವಾಕಿಂಗನ್ನೇ ಕಾನಿಗೆ ಹೊತ್ತುಕೊಂಡು ಹೋಗಿದ್ದೆ. ಸಾಕ್ಸ್‌ನಲ್ಲಿ ರಕ್ತ ಹೀರುವ ಎರಡು ಉಂಬಳ ಬೇರೆ.

ಮಾರನೇ ದಿನ ಮೊಬೈಲನ್ನು ಮನೆಯಲ್ಲೇ ಬಿಟ್ಟು, ಎಲ್ಲಿಗೆ ಹೋಗ್ತೀನಿ ಅಂತ ಅಮ್ಮನಿಗೆ ಹೇಳಿ ಹೋದೆ. ಹಳ್ಳದವರೆಗೆ ಹತ್ತು ನಿಮಿಷದ ದಾರಿ. ಅದಕ್ಕೇ ಒಂದು ಗಂಟೆ ತಗೋಬೇಕು ಅಂತ ಲೆಕ್ಕ ಹಾಕಿಕೊಂಡೆ. ನಾಲ್ಕು ಹೆಜ್ಜೆ, ನಿಲ್ಲೋದು. ಕಣ್ಣು ಮುಚ್ಚಿ ಹತ್ತಿರದ ಸದ್ದು ಮೊದಲು, ಆಮೇಲೆ ದೂರದ್ದು. ಮೊದಲು ಬರೀ ಜೀರುಂಡೆ. ಕಿವಿ ಅದಕ್ಕೆ ಹೊಂದಿಕೊಂಡ ಮೇಲೆ ಕುಟ್ರು ಹಕ್ಕಿ, ಅದರ ಹಿಂದೆ ನೀರು. ಕಾಡುದಾಲ್ಚಿನ್ನಿಯ ಒಂದು ಎಲೆ ಮುರಿದು ಮೂಸಿದೆ. ಬರಿಗಾಲಲ್ಲಿ ನಡೆಯಿರಿ ಅಂತ ಹೇಳುವವರಿದ್ದಾರೆ, ಅವರಿಗೆ ನಮ್ಮ ಉಂಬಳ, ಹಾವುಗಳ ಪರಿಚಯ ಇಲ್ಲ ಅಂತ ಕಾಣುತ್ತೆ.

ಕಷ್ಟ ಆಗಿದ್ದು ಬೇರೆಯೇ. ಆಫೀಸಿನ ಯೋಚನೆ ಇಪ್ಪತ್ತು ನಿಮಿಷಕ್ಕೆ ಸವೆಯಿತು, ಆದರೆ ಕಣ್ಣು ಮಾತ್ರ ಕೂಲಿಗೆ ಬಂದವನ ಹಾಗೆ ಕೆಲಸ ಹುಡುಕುತ್ತಲೇ ಇತ್ತು. ಈ ದರಗು ಚೆನ್ನಾಗಿ ಒಣಗಿದೆ, ಆ ಕೊಂಬೆ ಸೌದೆಗೆ ಆಗುತ್ತೆ, ಇಲ್ಲೊಂದು ಹುಳಿಗೆ ಆಗುವ ಉಪ್ಪಾಗೆ ಮರ ಇದೆ. ಒಂದು ಮರವನ್ನು ಯಾವ ಉಪಯೋಗಕ್ಕೂ ಅಲ್ಲದೆ ನೋಡೋದಕ್ಕೆ ನನಗೆ ಮೂರು ದಿನ ಬೇಕಾಯಿತು.

ಮೂರನೇ ದಿನ ಹೆಬ್ಬಲಸಿನ ಬುಡದಲ್ಲಿ ಕೂತಿದ್ದಾಗ ಚಿಕ್ಕಪ್ಪ ಬಂದರು. "ಎಂತ ಮಾರಾಯ, ದನ ಕಳೆದುಹೋಯ್ತಾ?" ಅಂದರು. ಸುಮ್ನೆ ಕೂತಿದ್ದೀನಿ ಅಂದೆ. ನನ್ನ ಮುಖ ನೋಡಿದರು, ಕತ್ತಿಯನ್ನು ಬೇರಿಗೆ ಒರಗಿಸಿ ಪಕ್ಕದಲ್ಲೇ ಕೂತು ಎಲೆ ಅಡಿಕೆ ಹಾಕಿಕೊಂಡರು. ತುಂಬಾ ಹೊತ್ತು ಇಬ್ಬರೂ ಮಾತಾಡಲಿಲ್ಲ. ಚಿಕ್ಕಪ್ಪ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು!

ಲಾಭದ ಮಾತಿಗೆ ಬಂದರೆ, ಮರಗಳು ಹುಳ, ಬೂಷ್ಟಿನಿಂದ ಕಾಪಾಡಿಕೊಳ್ಳಲು ಫೈಟನ್‌ಸೈಡ್ ಅನ್ನುವ ವಾಸನೆಯ ವಸ್ತುಗಳನ್ನು ಗಾಳಿಗೆ ಬಿಡುತ್ತವೆ. ಜಪಾನಿನ ವೈದ್ಯ ಚಿಂಗ್ ಲೀ ತಂಡ 2005ರಲ್ಲಿ ಟೋಕಿಯೋದ 12 ಗಂಡಸರನ್ನು ಮೂರು ದಿನ ಕಾಡಿಗೆ ಕರೆದೊಯ್ದು ರಕ್ತ ಪರೀಕ್ಷಿಸಿದಾಗ, ಸೋಂಕಿನ ವಿರುದ್ಧ ಹೋರಾಡುವ ಎನ್‌ಕೆ ಅನ್ನುವ ಬಿಳಿ ರಕ್ತಕಣಗಳು ಚುರುಕಾಗಿದ್ದವು. ಹನ್ನೆರಡು ಜನ ಅಂದರೆ ಕಡಿಮೆಯೇ, ಅದನ್ನು ಹಿಡಿದು ಕಾಯಿಲೆ ವಾಸಿಯಾಗುತ್ತೆ ಅನ್ನೋರನ್ನು ನಂಬಬೇಡಿ. ನನಗೆ ಆ ವಾರ ರಾತ್ರಿ ಎಚ್ಚರ ಆಗಲಿಲ್ಲ. ಕಾಡಿನಿಂದಲೋ, ಮೊಬೈಲ್ ಇಲ್ಲದ್ದರಿಂದಲೋ, ಅಮ್ಮನ ಊಟದಿಂದಲೋ, ಹೇಗೆ ಹೇಳೋದು?

ಬೆಂಗಳೂರಲ್ಲಿ ಈಗ ಭಾನುವಾರ ಬೆಳಿಗ್ಗೆ ಲಾಲ್‌ಬಾಗಿಗೆ ಹೋಗಿ ಒಂದೇ ಮರದ ಹತ್ತಿರ ಕೂರುತ್ತೀನಿ. ಹಾರ್ನ್ ಕೇಳುತ್ತೆ, ಕಾನಿನ ಹಾಗಲ್ಲ, ಆದರೂ ನಡೆಯುತ್ತೆ. ಊರಿಗೆ ಹೋದಾಗ ಅಮ್ಮ ಈಗ ಬಯ್ಯಲ್ಲ. "ಹೋಗೋದು ಹೇಗೂ ಹೋಗ್ತೀಯ, ಬರುವಾಗ ಒಂದು ಹೊರೆ ದರಗಾದರೂ ತಾ" ಅಂತಾರೆ. ಮನೆಗೆ ಬಂದು, ಕಾಫಿ ಕುಡಿದು, ಬುಟ್ಟಿ ತಗೊಂಡು ಎರಡನೇ ಸಲ ಹೋಗ್ತೀನಿ.